ಸಂಗಣ್ಣನ ಜಾಯಿಂಟು

ದುಮ್ಮವಾಡದ ಸುತ್ತಲಿನ ಹತ್ತು ಹಳ್ಳಿಗಳಲ್ಲಿ ಎಲ್ಲಿ ನಾಟಕವಾದರೂ ಬೆಳಕು ಸಂಗನಬಸವನದೇ. ಇಪ್ಪತ್ತೆರಡು ವರ್ಷ ಹೀಗೇ ನಡೆದಿತ್ತು. ಅವನದೊಂದು ಮರದ ಪೆಟ್ಟಿಗೆ, ಅದರ ಮೇಲೆ ಹನ್ನೆರಡು ಗುಂಡಿ. ಒಂದೊಂದು ಗುಂಡಿಗೆ ಒಂದೊಂದು ದೀಪ, ಒಂದೊಂದು ದೀಪಕ್ಕೆ ಒಂದೊಂದು ವೈರು. ಗುಂಡಿ ತಿರುವಿದರೆ ಕರೆಂಟು ಏರುತ್ತಿತ್ತು, ಹಿಂದೆ ತಿರುವಿದರೆ ಇಳಿಯುತ್ತಿತ್ತು, ಅಷ್ಟೇ ವಿದ್ಯೆ. ನಾಟಕ ಸುರುವಾಗುವ ಮುಂಚೆ ಮೈಕಿನಲ್ಲಿ “ಬೆಳಕು, ನಮ್ಮೂರ ಸಂಗನಬಸವ ಅವರಿಂದ” ಎಂದು ಕೂಗುವಾಗ ಅವನು ಕೇಳಿಸಿಯೇ ಇಲ್ಲವೆಂಬಂತೆ ಒಂದು ಬಲ್ಬು ಒರೆಸುತ್ತ ಕೂತಿರುತ್ತಿದ್ದ. ಕೇಳಿಸುತ್ತಿತ್ತು. ಮರುದಿನ ಹೊಲದಲ್ಲಿ ಕುಂಟೆ ಹೊಡೆಯುವಾಗಲೂ ಕೇಳಿಸುತ್ತಿತ್ತು.

ಅದಕ್ಕಿಂತ ದೊಡ್ಡ ಹೆಸರು ಅವನ ಜಾಯಿಂಟಿಗೆ. ಎರಡು ವೈರುಗಳನ್ನು ಕೂಡಿಸುವುದರಲ್ಲಿ ಅವನನ್ನು ಸರಿಗಟ್ಟುವವರಿರಲಿಲ್ಲ. ಹಲ್ಲಿನಿಂದಲೇ ವೈರಿನ ಸಿಪ್ಪೆ ಸುಲಿದು, ತಾಮ್ರದ ಎಳೆಗಳನ್ನು ಜಡೆ ಹಾಕಿದಷ್ಟು ನಾಜೂಕಾಗಿ ಹೊಸೆದು, ಮೇಲೆ ಕಪ್ಪು ಟೇಪು ಸುತ್ತಿ, ಟೇಪಿನ ತುದಿಯನ್ನು ಒಂದು ಬೆರಳಗಲ ಮಡಚಿಡುತ್ತಿದ್ದ. ಎತ್ತಿನ ಕಾಲಿಗೆ ಸಿಕ್ಕರೂ ಟ್ರ್ಯಾಕ್ಟರ್ ಗಾಲಿಗೆ ಸಿಕ್ಕರೂ ಅದು ಬಿಟ್ಟದ್ದಿಲ್ಲ. ಪಂಪ್‌ಸೆಟ್ಟಿನ ವೈರು ಹರಿದರೂ ಮದುವೆಮನೆಯ ದೀಪದ ಸರ ಆರಿದರೂ ಊರಿನವರ ಬಾಯಲ್ಲಿ ಒಂದೇ ಮಾತು: “ಸಂಗಣ್ಣನ್ನ ಕರೀರಿ.”

ಈಗ ಆ ಮರದ ಪೆಟ್ಟಿಗೆ ಅಟ್ಟದ ಮೇಲಿದೆ. ಬೆಳಕಿನ ಕುರ್ಚಿಯಲ್ಲಿ ಅವನ ಹೆಂಡತಿ ಸುನಿತಾ ಕೂಡುತ್ತಾಳೆ. ಅವಳನ್ನು ಆ ಕುರ್ಚಿಗೆ ಕಳಿಸಿದವರು ಯಾರು ಎಂದು ಕೇಳಿದರೆ, ಬೇರೆ ಯಾರೂ ಅಲ್ಲ, ಇವನೇ.

ಹೋದ ವರ್ಷ ಧಾರವಾಡದಲ್ಲಿ ಹತ್ತು ದಿನಗಳ ಬೆಳಕಿನ ತರಬೇತಿ ಇತ್ತು. ಊರಿನ ನಾಟಕ ಸಂಘಕ್ಕೆ ಒಂದು ಜಾಗ ಕೊಟ್ಟಿದ್ದರು. ಸಂಘಕ್ಕೆ ನಾಟಕ ಕಲಿಸುವ ಸಿದ್ಧಲಿಂಗ ಮಾಸ್ತರರು, ಶಾಲೆಯಿಂದ ನಿವೃತ್ತರಾದರೂ ಬೈಯುವುದರಿಂದ ನಿವೃತ್ತರಾಗದವರು, ತಾವೇ ಮನೆಗೆ ಬಂದು ಕರೆದರು.

“ನನಗ ಕಲಸಾಂವ ಇನ್ನೂ ಹುಟ್ಟಿಲ್ರಿ ಮಾಸ್ತರ,” ಎಂದ ಸಂಗಣ್ಣ, ಕಟ್ಟೆಯ ಮೇಲೆ ಕಾಲು ಚಾಚಿಕೊಂಡು. “ಬೇಕಂದ್ರ ಇಕಿನ್ನ ಕರಕೊಂಡ ಹೋಗ್ರಿ. ಪಿಯುಸಿ ಸೈನ್ಸ್ ಪಾಸಾಗ್ಯಾಳ. ಹತ್ತ ದಿನಾ ಚಾ ಕುಡದ ಬರಲಿ.”

ಅದು ಚೇಷ್ಟೆ. ಆದರೆ ಸುನಿತಾ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು “ಹೋಗತೀನ್ರಿ” ಎಂದುಬಿಟ್ಟಳು. ಮಾಸ್ತರರು ಅಲ್ಲೇ ಹೆಸರು ಬರೆದುಕೊಂಡರು.

ಅವಳು ಚಹ ಕುಡಿದು ಬರಲಿಲ್ಲ. ಇನ್ನೂರು ಪುಟದ ನೋಟ್‌ಬುಕ್ಕು ತುಂಬಿಸಿಕೊಂಡು ಬಂದಳು. ನಾಲ್ಕು ತಿಂಗಳಲ್ಲಿ ಸಂಘಕ್ಕೆ ಎಂಟು ಹೊಸ ಎಲ್‌ಇಡಿ ದೀಪಗಳೂ ಅವುಗಳನ್ನು ಆಳುವ ಒಂದು ಪುಟ್ಟ ಬೋರ್ಡೂ ಬಂದವು. ಹೊಸ ದೀಪಗಳ ರೀತಿಯೇ ಬೇರೆ. ಕರೆಂಟು ಸದಾ ಇದ್ದೇ ಇರುತ್ತದೆ, ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಬೋರ್ಡಿನಿಂದ ಒಂದು ತೆಳ್ಳನೆ ವೈರು ಹೊರಟು ಒಂದು ದೀಪಕ್ಕೆ ಹೋಗಿ, ಅಲ್ಲಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗುತ್ತದೆ. ಆ ವೈರಿನಲ್ಲಿ ಹರಿಯುವುದು ಬರೀ ಅಂಕಿಗಳ ಹೇಳಿಕೆ.

“ರೇಷನ್ ಅಂಗಡ್ಯಾಗ ನಂಬರ್ ಕೂಗ್ತಾರಲ್ಲ, ಹಂಗ ನೋಡ್ರಿ,” ಎಂದು ಸುನಿತಾ ತಾಲೀಮಿನ ಗೋಡೌನಿನಲ್ಲಿ ಎಲ್ಲರಿಗೂ ತಿಳಿಸಿ ಹೇಳಿದ್ದಳು. “ಕೂಗಿದ್ದು ಎಲ್ಲಾ ದೀಪಕ್ಕೂ ಕೇಳಸ್ತೈತಿ. ಆದ್ರ ಯಾರ ನಂಬರ್ ಬಂತೋ ಅವರಷ್ಟ ಏಳಬೇಕು. ಅದಕ್ಕ ಮೊದಲ ಒಂದೊಂದು ದೀಪಕ್ಕ ಒಂದೊಂದು ನಂಬರ್ ಹಾಕಬೇಕು.”

ನಂಬರು ಹಾಕುವ ದಿನ ಗೋಡೌನು ಮದುವೆಮನೆಯಾಯಿತು. ಸಂಘದ ನಾಯಕ ನಟ ಹೊಳೆಪ್ಪ, ಹಗಲು ಹೊತ್ತು ಕುರಿ ಕಾಯುವವನು, ತಕರಾರು ತೆಗೆದ: “ಯಕ್ಕಾ, ಹತ್ತು ಇಪ್ಪತ್ತು ಅಂತ ಸೊನ್ನಿ ಇರೂ ನಂಬರ್ ಬ್ಯಾಡ. ಮದವ್ಯಾಗ ಆಯೇರಿ ಮಾಡೂವಾಗ ಹ್ಯಾಂಗ ಒಂದ ರೂಪಾಯಿ ಕೂಡಸ್ತೀವಿ, ಹಂಗ ಕೂಡಸು.” ಸುನಿತಾ ಕ್ಷಣ ಲೆಕ್ಕ ಹಾಕಿ, “ಕೂಡಸೂಣು, ಏನ ತೊಂದ್ರಿ ಇಲ್ಲ” ಎಂದಳು. ಹೀಗೆ ಎಂಟು ದೀಪಗಳಿಗೂ ಹನ್ನೊಂದು, ಇಪ್ಪತ್ತೊಂದು, ಮೂವತ್ತೊಂದು ಎಂದು ಎಂಬತ್ತೊಂದರವರೆಗೆ ಶುಭದ ನಂಬರುಗಳು ಬಿದ್ದವು. ಒಬ್ಬೊಬ್ಬ ನಟನೂ ಒಂದೊಂದು ದೀಪವನ್ನು ತನ್ನದೆಂದು ಹಿಡಿದುಕೊಂಡ. ಸಂಗಣ್ಣ ಮೂಲೆಯಲ್ಲಿ ವೈರು ಸುತ್ತುತ್ತ ಇದನ್ನೆಲ್ಲ ನೋಡಿದ. ಇಪ್ಪತ್ತೆರಡು ವರ್ಷ ಗುಂಡಿ ತಿರುವಿದೆನಲ್ಲ, ನನ್ನ ಒಂದು ಗುಂಡಿಗಾದರೂ ಈ ಮಕ್ಕಳು ಹೆಸರಿಟ್ಟಿದ್ದರೇ ಎಂದುಕೊಂಡು ವೈರನ್ನು ಇನ್ನಷ್ಟು ಬಿಗಿದು ಸುತ್ತಿದ.

ಇದನ್ನು ಬೇಸರ ಎನ್ನಬಹುದು, ವಯಸ್ಸು ಎನ್ನಬಹುದು, ಹೊಸತಕ್ಕೆ ಒಗ್ಗದ ಸ್ವಭಾವ ಎನ್ನಬಹುದು. ಅವನ ತಾಯಿ ಕಸ್ತೂರೆವ್ವ ಹಾಗೆಯೇ ಎನ್ನುತ್ತಿದ್ದಳು, ಮಗನಲ್ಲವೇ. ಆದರೆ ಅದು ಶುದ್ಧ ಹೊಟ್ಟೆಕಿಚ್ಚು, ಅದಕ್ಕೆ ಬೇರೆ ಮರ್ಯಾದೆಯ ಹೆಸರಿಲ್ಲ. ಹೆಂಡತಿ ಧಾರವಾಡದ ತರಬೇತಿಯ ಗುರುಗಳಿಗೆ ಫೋನು ಮಾಡಿ ನಕ್ಕರೆ ಅವನಿಗೆ ಚಹ ಕಹಿಯಾಗುತ್ತಿತ್ತು. ಅವಳು ನಿದ್ದೆಗಣ್ಣಿನಲ್ಲಿ “ನಲವತ್ತೊಂದು ಇಳೀಲಿ” ಎಂದರೆ ಇವನು ಮಗ್ಗುಲು ತಿರುಗಿ ಮಲಗುತ್ತಿದ್ದ. ಹುಬ್ಬಳ್ಳಿಯಿಂದ ತಾಯಿಯ ಪಾತ್ರಕ್ಕೆ ಬರುವ ಕಲಾವಿದೆ ನಾಜಿಮಾ ಒಂದು ದಿನ ತಾಲೀಮು ಮುಗಿಸಿ, “ಸುನಿತಕ್ಕ ಆ ಸಂಜೀ ಬಿಸಲ ಬಿಟ್ರ ನನಗ ಅಳು ತಾನ ಬರತೈತ್ರಿ, ಇಷ್ಟ ವರ್ಷ ಇಂಥಾ ಬೆಳಕ ಕಂಡಿಲ್ಲ” ಎಂದಳು. ಇಷ್ಟು ವರ್ಷ ಅವಳ ಮುಖಕ್ಕೆ ಬೆಳಕು ಬಿಟ್ಟವನು ಅವಳ ಬಾಜುವಿನಲ್ಲೇ ನಿಂತಿದ್ದ. ಪಾಪ, ಅವಳಿಗೆ ನೆನಪಾಗಲಿಲ್ಲ.

ಸ್ಪರ್ಧೆಯ ಸುದ್ದಿ ಬಂದದ್ದು ಆ ವಾರವೇ. ಧಾರವಾಡದಲ್ಲಿ ಜಿಲ್ಲೆಯ ಸಂಘಗಳ ನಾಟಕ ಸ್ಪರ್ಧೆ, ಬೆಳಕಿಗೂ ಪ್ರತ್ಯೇಕ ಬಹುಮಾನ. ಅರ್ಜಿಯಲ್ಲಿ ಬೆಳಕಿನ ಮುಂದೆ ಒಂದೇ ಗೆರೆ, ಒಂದೇ ಹೆಸರು. ಆ ಹೆಸರಿನವರೇ ಅಲ್ಲಿ ಬೋರ್ಡಿಗೆ ಕೂಡಬೇಕು. ಸೋಮವಾರ ಅರ್ಜಿ ಕೊಡಬೇಕಿತ್ತು. ಮಾಸ್ತರರು ಅರ್ಜಿಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ಹೇಳಿದರು: “ಶನಿವಾರ ತಂಬೂರದಾಗ ನಮ್ಮ ಆಟ ಐತಿ. ಅದು ಮುಗದಮ್ಯಾಲೆ ಹೆಸರ ಬರೀತೀನಿ. ಗಂಡಾ ಹೆಂಡ್ತಿ ಇಬ್ಬರೂ ಇದ್ದೀರಿ, ಯಾರಾದ್ರೇನು.”

ಯಾರಾದರೇನು! ಆ ಮಾತು ಸಂಗಣ್ಣನ ಎದೆಗೆ ನಾಟಿತು. ಆ ಒಂದು ಗೆರೆಯ ಮೇಲೆ ತನ್ನ ಹೆಸರು ಬರದಿದ್ದರೆ ಇಪ್ಪತ್ತೆರಡು ವರ್ಷ ನೀರಿನಲ್ಲಿ ಹೋಮ ಮಾಡಿದಂತಾಯಿತು ಎಂದುಕೊಂಡ. ತನ್ನ ಕೈಯಿಲ್ಲದೆ ಆ ದೀಪಗಳು ಹತ್ತಲಾರವು ಎಂದು ಎಲ್ಲರ ಮುಂದೆ ತೋರಿಸಬೇಕಿತ್ತು.

ದಾರಿಯನ್ನು ಸುನಿತಾಳೇ ತೋರಿಸಿಕೊಟ್ಟಳು. ತಂಬೂರದ ಬಯಲು ರಂಗಮಂದಿರ ಅಗಲ. ಬೋರ್ಡಿನ ವೈರು ವೇದಿಕೆಯ ಕೆಳಗೆ ಬಂದು, ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು ಕವಲಾಗಬೇಕಿತ್ತು. ಅದಕ್ಕೆಂದೇ ಟಿಫಿನ್ ಡಬ್ಬಿಯಷ್ಟಿನ ಒಂದು ಪೆಟ್ಟಿಗೆ ಇತ್ತು. ಒಂದು ಕಡೆ ವೈರು ಒಳಹೊಗುವ ತೂತು, ಇನ್ನೊಂದು ಕಡೆ ಹೊರಡುವ ನಾಲ್ಕು ತೂತು. ಬಂದ ಹೇಳಿಕೆಯನ್ನು ಅದು ಹೊಸದಾಗಿ ನಾಲ್ಕೂ ಕಡೆ ಹೇಳುತ್ತಿತ್ತು. ಸುನಿತಾ ಅದನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಇಟ್ಟಿದ್ದಳು. ಆಯುಧಪೂಜೆಯ ದಿನ ಅದಕ್ಕೆ ವಿಭೂತಿಯನ್ನೂ ಹಚ್ಚಿದ್ದಳು.

“ಕೆಳಗಿನ ವೈರಿಂಗ್ ನೀವ ನೋಡ್ಕೊಳ್ರಿ,” ಎಂದಳು. “ಈ ಡಬ್ಬಿ ನಡುವ ಇಡ್ರಿ. ಮರೀಬ್ಯಾಡ್ರಿ, ಸಿಗ್ನಲ್ ವೈರಿಗೆ ಕಡದ ಜೋಡಸೂದು ನಡೆಂಗಿಲ್ಲ.”

‘ನಡೆಂಗಿಲ್ಲ!’ ಸಂಗಣ್ಣನ ಜಾಯಿಂಟಿಗೆ ಆ ಮಾತನ್ನು ಈವರೆಗೆ ಯಾರೂ ಹೇಳಿರಲಿಲ್ಲ. ಹೇಳಿದವಳು ಸ್ವಂತ ಹೆಂಡತಿ. ಶುಕ್ರವಾರ ಮಧ್ಯಾಹ್ನ ಅವನೊಬ್ಬನೇ ಗೋಡೌನಿಗೆ ಹೋಗಿ, ಒಂದು ಸಿಗ್ನಲ್ ವೈರು ಕಡಿದು, ಹಲ್ಲಿನಿಂದ ಸಿಪ್ಪೆ ಸುಲಿದು, ಒಂದನ್ನು ಎರಡಾಗಿ ಕವಲೊಡೆಸಿ ಜಾಯಿಂಟು ಹೊಡೆದ. ಮಾರುದ್ದದ ವೈರುಗಳಿಗೆ ಎರಡೇ ದೀಪ ಸಿಕ್ಕಿಸಿ ನೋಡಿದ. ಎರಡೂ ಹತ್ತಿದವು, ಆರಿದವು, ಹೇಳಿದಂತೆ ಕೇಳಿದವು. ಅವನು ಗೋಡೌನಿನಲ್ಲಿ ಒಬ್ಬನೇ ನಕ್ಕ. ಡಬ್ಬಿಯನ್ನು ಸೀರೆಯ ಸುತ್ತಿನೊಂದಿಗೆ ಟ್ರಂಕಿನ ತಳಕ್ಕೆ ಹಾಕಿ ಮೇಲೆ ಹಗ್ಗ ತುಂಬಿದ. ಆಟ ಮುಗಿದ ಮೇಲೆ ಎಲ್ಲರ ಮುಂದೆ ಡಬ್ಬಿ ತೆಗೆದು, “ಇದು ದಿನಾ ಪೂರ್ತಿ ಟ್ರಂಕಿನ್ಯಾಗ ಮಲಗಿತ್ರಿ, ಆಟಾ ನಡಿಸಿದ್ದು ಈ ಕೈ” ಎನ್ನುವುದಷ್ಟೇ ಬಾಕಿ. ಆ ಮಾತನ್ನು ಮನಸ್ಸಿನಲ್ಲಿ ಹತ್ತು ಸಲ ಆಡಿ ರುಚಿ ನೋಡಿದ.

ಶನಿವಾರ ತಂಬೂರದಲ್ಲಿ ಮಧ್ಯಾಹ್ನದ ಬಿಸಿಲಲ್ಲೇ ದೀಪಗಳನ್ನು ಪರೀಕ್ಷೆ ಮಾಡಿದರು. ಎಲ್ಲವೂ ಹತ್ತಿದವು. ಒಂದೆರಡು ದೀಪ ಮಿಣುಕಿದ್ದರೂ ಆ ಬಿಸಿಲಿಗೆ ಯಾರಿಗೆ ಕಂಡೀತು? ಸಂಜೆ ಏಳಕ್ಕೆ ಆಟ ಸುರುವಾಯಿತು. ಮೈಕಿನಲ್ಲಿ “ಬೆಳಕು, ಶ್ರೀಮತಿ ಸುನಿತಾ” ಎಂದು ಕೂಗಿದರು. ವೇದಿಕೆಯ ಕೆಳಗೆ ತನ್ನ ಜಾಯಿಂಟಿನ ಬಾಜುವಿಗೆ ಕೂತಿದ್ದ ಸಂಗಣ್ಣ ಹಲ್ಲು ಕಚ್ಚಿಕೊಂಡ. ಕೂಗಲಿ, ಇನ್ನೆರಡು ತಾಸು ಕೂಗಲಿ.

ಮೊದಲರ್ಧ ಚೆನ್ನಾಗಿಯೇ ನಡೆಯಿತು, ದೀಪಗಳು ಪೂರ್ತಿ ಉರಿಯುವ ದೃಶ್ಯಗಳೇ ಹೆಚ್ಚು. ಪೂರ್ತಿ ಬೆಳಕಿನಲ್ಲಿ ಸಣ್ಣ ತಪ್ಪು ಕಾಣುವುದಿಲ್ಲ. ಆಮೇಲೆ ನಾಟಕದ ಮುಖ್ಯ ದೃಶ್ಯ ಬಂತು. ಮಗನ ಹೆಣದ ಮುಂದೆ ತಾಯಿ ಕೂತಿದ್ದಾಳೆ. ಹೆಣವಾಗಿ ಹೊಳೆಪ್ಪ ಮಲಗಿದ್ದ, ತಾಯಿಯಾಗಿ ನಾಜಿಮಾ. ಸುನಿತಾ ಎಂಟೂ ದೀಪಗಳನ್ನು ತೀರ ನಿಧಾನಕ್ಕೆ ಇಳಿಸುತ್ತ ಬಂದಳು. ಸಂಜೆಯ ಬಿಸಿಲು ಹೋಗಿ ತೆಳುನೀಲಿ ಉಳಿಯಬೇಕು. ಜನ ಉಸಿರು ಬಿಗಿಹಿಡಿದಿದ್ದರು. ಆಗ ಎಡಗಡೆಯ ದೀಪವೊಂದು ಫಕ್ಕನೆ ಕೆಂಪಾಯಿತು. ಬಲಗಡೆ ಹಸಿರು. ಮತ್ತೆ ಹಳದಿ, ಮತ್ತೆ ಬಿಳಿ. ಎಂಟೂ ದೀಪಗಳು ಮೆರವಣಿಗೆಯ ಗಾಡಿಯ ಮೇಲಿನ ದೀಪಗಳಂತೆ ಕುಣಿಯತೊಡಗಿದವು. ಹೆಣದ ಮುಖ ಕೆಂಪು, ಹಸಿರು, ಕೆಂಪು.

“ಮಗಾ ಎದ್ದ ಕುಣೀತಾನ ನೋಡ್ರಲೇ!” ಎಂದು ಯಾರೋ ಸೀಟಿ ಹೊಡೆದರು. ಇಡೀ ಬಯಲು ನಕ್ಕಿತು. ನಗು ತಡೆಯಲಾರದೆ ಹೆಣದ ಹೊಟ್ಟೆಯೂ ಅಲುಗಿತು. ನಾಜಿಮಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಈಗ ನಿಜವಾಗಿಯೇ ಅತ್ತಳು.

ಸುನಿತಾ ಗಾಬರಿಯಾಗಲಿಲ್ಲ. ಬೋರ್ಡು ಆರಿಸಿ, ಸಾದಾ ಟ್ಯೂಬ್‌ಲೈಟು ಹಚ್ಚಿಸಿ, ಟಾರ್ಚು ಹಿಡಿದು ವೈರಿನ ಜಾಡು ಹಿಡಿದೇ ವೇದಿಕೆಯ ಕೆಳಗೆ ನುಸುಳಿ ಬಂದಳು. ಅಲ್ಲಿ ಗಂಡ ಬೆವರುತ್ತ ಕೂತಿದ್ದ. ಟಾರ್ಚಿನ ಬೆಳಕು ಜಾಯಿಂಟಿನ ಮೇಲೆ ನಿಂತಿತು. ಬೆರಳಗಲ ಮಡಚಿದ ಟೇಪಿನ ತುದಿ. ಬೇರೆ ಸಹಿ ಬೇಕಿರಲಿಲ್ಲ.

“ಡಬ್ಬಿ ಎಲ್ಲಿ ಐತ್ರಿ?”

“ಟ್ರಂಕಿನ್ಯಾಗ.”

ಅವಳು ಐದು ನಿಮಿಷಗಳಲ್ಲಿ ಜಾಯಿಂಟು ಬಿಚ್ಚಿ ಡಬ್ಬಿ ಕೂಡಿಸಿದಳು. ದೀಪಗಳು ಸುಮ್ಮನಾದವು. ಉಳಿದ ಆಟ ಒಂದು ಚೂರೂ ಮಿಣುಕದೆ ಮುಗಿಯಿತು. ಆದರೆ ಆ ನಗೆಯ ನಂತರ ಯಾರ ಕಣ್ಣಲ್ಲೂ ನೀರು ಬರಲಿಲ್ಲ.

ಬಣ್ಣದ ಮನೆಯಲ್ಲಿ ಸಿದ್ಧಲಿಂಗ ಮಾಸ್ತರರು ಕಾಯುತ್ತಿದ್ದರು. “ಏನವಾ, ಹೆಣಕ್ಕ ವರಾತ ಮೆರವಣಿಗಿ ತಗಸಿದೆಲ್ಲಾ! ಬೋರ್ಡ್ ಮುಂದ ಕುಂತಾಕಿ ನೀನು, ಉತ್ತರಾ ಹೇಳು!” ಎಂದು ಎಲ್ಲರ ಮುಂದೆ ಸಿಡಿದರು.

“ಬೋರ್ಡಿಂದ ಅಲ್ರಿ ಸರ. ಕೆಳಗ ಡಬ್ಬಿ ಇಡೂ ಜಾಗಾದಾಗ ನಮ್ಮವ್ರು ಜಾಯಿಂಟ್ ಹೊಡದಿದ್ರು. ಅದಕ್ಕ ಹಂಗಾತು,” ಎಂದಳು ಸುನಿತಾ. ಇದ್ದದ್ದನ್ನು ಇದ್ದಂತೆ ಹೇಳಿದಳು. ಸುತ್ತಿ ಬಳಸುವ ಹೆಂಗಸಲ್ಲ ಅವಳು.

 ಮುಖದ ಬಣ್ಣ ಒರೆಸುತ್ತಿದ್ದ ಹೊಳೆಪ್ಪ ನಕ್ಕುಬಿಟ್ಟ. “ಸಂಗಣ್ಣನ ಜಾಯಿಂಟ್ ಕೆಡೂದೇನ? ಯಕ್ಕಾ, ಬ್ಯಾರೆ ಏನರ ಹೇಳು, ನಂಬತೀವಿ.” ಎಲ್ಲರೂ ತಲೆದೂಗಿದರು. ನಮ್ಮ ಬಾವಿಯ ಮೋಟಾರಿನ ಜಾಯಿಂಟು ಒಂಬತ್ತು ವರ್ಷವಾಯಿತು, ನಮ್ಮ ಗಿರಣಿಯದು ಹನ್ನೆರಡು ವರ್ಷ ಎಂದು ಒಬ್ಬೊಬ್ಬರೇ ಸಾಕ್ಷಿ ಹೇಳತೊಡಗಿದರು.

“ತಪ್ಪಾತು ಅಂದ್ರ ಮುಗೀತಿತ್ತು,” ಎಂದರು ಮಾಸ್ತರರು. “ತನ್ನ ತಪ್ಪ ಗಂಡನ ತಲಿಗೆ ಕಟ್ಟೂದು ಚಲೋ ಅಲ್ಲ ತಂಗಿ.”

ಸುನಿತಾ ಗಂಡನ ಕಡೆ ತಿರುಗಿದಳು. ಅವನು ಒಂದೇ ಒಂದು ಮಾತು ಆಡಬೇಕಿತ್ತು. ಆದರೆ ಅವನ ನಾಲಗೆ ಹೊರಳಲಿಲ್ಲ. ಹೆದರಿಕೆಯಿಂದ ಎಂದರೆ ಸುಳ್ಳಾಗುತ್ತದೆ. ಆ ಗಳಿಗೆ ಅವನಿಗೆ ಹಿತವಾಗಿತ್ತು. ವರ್ಷದಿಂದ ಕೇಳದ ಮಾತುಗಳು ಕಿವಿಗೆ ಬೀಳುತ್ತಿದ್ದವು, ಇನ್ನೊಂದಿಷ್ಟು ಬೀಳಲಿ ಎಂದು ನಿಂತುಬಿಟ್ಟ. ಹೆಂಡತಿಯ ಮುಖ ಕೆಂಪಾಗಿ, ಆಮೇಲೆ ಬೆಳ್ಳಗಾದುದನ್ನು ನೋಡಿದ ಮೇಲೆಯೇ ಅವನಿಗೆ ಎಚ್ಚರವಾದದ್ದು.

“ಅಕಿ ಖರೇ ಹೇಳಾಕತ್ತಾಳ್ರಿ. ನಾನ ಹೊಡದಿದ್ದೆ,” ಎಂದ.

“ನೋಡ್ರಿ!” ಎಂದು ಮಾಸ್ತರರು ಅವನ ಬೆನ್ನು ತಟ್ಟಿದರು. “ಗಂಡ ಅಂದ್ರ ಹಿಂಗಿರಬೇಕು. ಹೆಂಡ್ತಿ ಮಾನ ಹೋಗಬಾರದಂತ ತನ್ನ ಮ್ಯಾಲೆ ಹಾಕ್ಕೊಂಡ. ಬಿಡಪಾ ಸಂಗಣ್ಣಾ, ನಮಗೂ ತಿಳೀತೈತಿ. ಧಾರವಾಡದಾಗ ನೀನ ಕುಂದರು. ನಾಳಿ ಅರ್ಜ್ಯಾಗ ನಿನ್ನ ಹೆಸರ ಹಾಕತೀನಿ.”

“ಅಲ್ರಿ ಮಾಸ್ತರ, ಖರೇನ ನಾನ...” ಎಂದು ಅವನು ಎಷ್ಟು ಹೇಳಿದನೋ ಅಷ್ಟು ಅವನ ದೊಡ್ಡ ಮನಸ್ಸಿನ ಗುಣಗಾನ ಬೆಳೆಯಿತು. ಬೇಕೆಂದದ್ದು ಕೈಗೆ ಬಂದಿತ್ತು. ಸುನಿತಾ ಹೊರಗೆ ಹೋಗಿ ವೈರು ಸುತ್ತತೊಡಗಿದಳು.

ಮರುದಿನ ಬೆಳಿಗ್ಗೆ ಅವಳು ರೊಟ್ಟಿ ಬಡಿಯುತ್ತಿದ್ದಳು. ಬಡಿತದ ಸದ್ದು ಎಂದಿನದಲ್ಲ. ಸಂಗಣ್ಣ ಬಾಗಿಲಲ್ಲಿ ನಿಂತು, “ನಾ ಹೇಳಿದ್ನೆಲ್ಲ. ಅವರ ನಂಬಲಿಲ್ಲಂದ್ರ ನಾ ಏನ ಮಾಡ್ಲಿ?” ಎಂದ.

“ಯಾವಾಗ ಹೇಳಿದ್ರಿ?” ಸುನಿತಾ ತಲೆ ಎತ್ತಲಿಲ್ಲ. “ನಾ ಸುಳ್ಳಿ ಅಂತ ಎಲ್ಲಾರೂ ಅಂದ ಮುಗಿಸಿದಮ್ಯಾಲೆ ಹೇಳಿದ್ರಿ. ಅಲ್ಲೀತನಕ ನೀವು ಸುಮ್ಮನ ನಿಂತ್ರಿ. ನಿಮ್ಮ ಮಾರಿ ನೋಡೀನಿ ನಾ. ಸಿಹಿ ತಿಂದಂಗ ಇತ್ತು.”

ಸಂಗಣ್ಣ ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆದ.

“ಆ ಕುರ್ಚಿ ಬೇಕಂತ ಇದ್ರ ಬಾಯಿಬಿಟ್ಟ ಕೇಳಬೇಕಿತ್ತು. ಕೇಳಿದ್ರ ಕೊಡತಿದ್ನೇನು? ಕೊಡತಿದ್ದಿಲ್ಲ, ಜಗಳಾ ಮಾಡತಿದ್ದೆ. ನೀವೂ ಮಾಡಬೇಕಿತ್ತು. ಅದ ಬಿಟ್ಟ ಕೆಳಗ ಕುಂತ ನನ್ನ ವೈರ ಕಡದ್ರಿ.” ರೊಟ್ಟಿಯನ್ನು ಹೆಂಚಿಗೆ ಹಾಕಿದಳು. “ಈಗ ಹೋಗ್ರಿ ಧಾರವಾಡಕ್ಕ. ನೀವ ಕುಂದರ್ರಿ. ನಾ ಇನ್ನ ಆ ಬೋರ್ಡ್ ಮುಟ್ಟಂಗಿಲ್ಲ.”

ಅವನು ನಾಷ್ಟಾ ಮಾಡದೆ ಗೋಡೌನಿಗೆ ಹೋದ. ಬೀಗ ತೆಗೆದು ಬೋರ್ಡಿನ ಮುಂದಿನ ಕುರ್ಚಿಯಲ್ಲಿ ಕೂತ. ವರ್ಷದಿಂದ ಕಣ್ಣಿಟ್ಟ ಕುರ್ಚಿ, ಈಗ ಅವನದೇ. ಬೋರ್ಡಿನ ಬಾಜುವಿನಲ್ಲಿ ಸುನಿತಾಳ ನೋಟ್‌ಬುಕ್ಕಿತ್ತು. ನಾಟಕದಲ್ಲಿ ಬೆಳಕು ಬದಲಾಗುವ ನಲವತ್ತಮೂರು ಜಾಗಗಳಿಗೂ ಅವಳು ನಂಬರಿನ ಜೊತೆ ಹೆಸರು ಬರೆದಿಟ್ಟಿದ್ದಳು. ‘ಹೊಳೆಪ್ಪ ಬಾಗಿಲಿಗೆ ಬರೂದು, ಮೆಲ್ಲಕ.’ ‘ನಾಜಿಮಾ ಕೊಡ ಇಳಸೂದು.’ ಮೂವತ್ತೆರಡನೆಯದು ಆ ಸಂಜೆಯ ಬಿಸಿಲು, ನಾಜಿಮಾಳಿಗೆ ಅಳು ತರಿಸುವ ಬೆಳಕು. ಅದರ ಮುಂದೆ ಬರೆದಿತ್ತು: ‘ಇವರ ಹಳೇ ಬಲ್ಬಿನ ಬಣ್ಣ. ಆರು ಸಲ ನೋಡಿದ ಮ್ಯಾಲೆ ಕೂಡಿ ಬಂತು.’

ಅವನು ದೀಪಗಳನ್ನು ಬೋರ್ಡಿಗೆ ಸಿಕ್ಕಿಸಿ ಮೂವತ್ತೆರಡನ್ನು ಒತ್ತಿದ. ಗೋಡೌನಿನ ಗೋಡೆಯ ಮೇಲೆ ಅವನದೇ ಬೆಳಕು ಬಿತ್ತು. ಅಟ್ಟದ ಮೇಲಿನ ಬಲ್ಬುಗಳನ್ನು ಅರ್ಧಕ್ಕೆ ಇಳಿಸಿದಾಗ ಬರುತ್ತಿದ್ದ ಅದೇ ಕೆಂಪುಹಳದಿ. ನನ್ನದನ್ನೂ ಕಸಿದುಕೊಂಡಳಲ್ಲ ಎಂದು ಮೊದಲು ಹೊಟ್ಟೆ ಉರಿಯಿತು. ಅವನ ಬಲ್ಬಿನಲ್ಲಿ ಆ ಬಣ್ಣ ಸ್ವಲ್ಪ ನಡುಗುತ್ತಿತ್ತು, ಇಲ್ಲಿ ಸ್ಥಿರವಾಗಿತ್ತು ಎಂದು ಕಂಡಾಗ ಇನ್ನೂ ಉರಿಯಿತು. ಆರು ಸಲ ನೋಡಿದಳಂತೆ. ಅವನು ಅವಳ ಬೆಳಕನ್ನು ಒಂದು ಸಲವೂ ನೆಟ್ಟಗೆ ನೋಡಿರಲಿಲ್ಲ. ಬಹಳ ಹೊತ್ತು ಆ ಬೆಳಕಿನಲ್ಲಿ ಕೂತ, ಎದ್ದ, ತಂಬೂರಕ್ಕೆ ಒಯ್ದಿದ್ದ ಉದ್ದನೆಯ ವೈರುಗಳನ್ನೆಲ್ಲ ಗೋಡೌನಿನ ತುಂಬ ಬಿಚ್ಚಿ ಹಾಸತೊಡಗಿದ.

ನಾಲ್ಕು ಗಂಟೆಗೆ ಮಾಸ್ತರರನ್ನೂ ಹೊಳೆಪ್ಪನನ್ನೂ ಸಂಘದ ಎಲ್ಲರನ್ನೂ ಕರೆಸಿದ. ಸುನಿತಾ ತಾನಾಗಿ ಬರಲೊಲ್ಲದಾಗ ಅತ್ತೆ ಕಸ್ತೂರೆವ್ವ ಕೈ ಹಿಡಿದು ಎಬ್ಬಿಸಿಕೊಂಡು ಬಂದಳು. ಸಂಗಣ್ಣ ಕದ ಮುಚ್ಚಿ ಕತ್ತಲೆ ಮಾಡಿದ.

“ಎಲ್ಲಾರೂ ನೋಡ್ರಿ. ನಿನ್ನಿ ವೈರ ಇವ, ದೀಪಾ ಇವ. ನಡುವ ನನ್ನ ಜಾಯಿಂಟ್ ಐತಿ,” ಎಂದು ಮೂವತ್ತೆರಡನ್ನು ಒತ್ತಿ, ಬೆಳಕನ್ನು ನಿಧಾನಕ್ಕೆ ಇಳಿಸಿದ. ಅರ್ಧಕ್ಕೆ ಬರುವಷ್ಟರಲ್ಲಿ ದೀಪಗಳು ಹುಚ್ಚೆದ್ದು ಕುಣಿದವು. ಕೆಂಪು, ಹಸಿರು, ಬಿಳಿ. ಈ ಸಲ ಯಾರೂ ನಗಲಿಲ್ಲ. ಅವನು ಜಾಯಿಂಟು ತೆಗೆದು ಡಬ್ಬಿ ಕೂಡಿಸಿ ಮತ್ತೆ ಇಳಿಸಿದ. ಬೆಳಕು ಹಾಲಿನಂತೆ ಇಳಿಯಿತು. ಮತ್ತೆ ಜಾಯಿಂಟು, ಮತ್ತೆ ಕುಣಿತ. ಮೂರು ಸಲ ಮಾಡಿ ತೋರಿಸಿದ. 

“ಅಂದ್ರ ಸಂಗಣ್ಣಾ,” ಎಂದ ಹೊಳೆಪ್ಪ ಮೆಲ್ಲಗೆ, “ನಿನ್ನ ಜಾಯಿಂಟ್...”

“ಕರೆಂಟಿಗೆ ನಡೀತೈತಿ. ಇದಕ್ಕ ನಡೆಂಗಿಲ್ಲ. ಅಕಿ ಮೊದಲ ಹೇಳಿದ್ಲು. ಅಕಿ ಹೇಳಿದ್ಲಂತನ ನಾ ಹೊಡದೆ.” ಜಾಯಿಂಟನ್ನು ತೆಗೆದು ಕೆಳಗಿಟ್ಟ. “ನನಗ ಅಕಿ ಮ್ಯಾಲೆ ಹೊಟ್ಟಿಕಿಚ್ಚ ಐತ್ರಿ. ಒಂದ ವರ್ಷಾತು.”

ಇಂಥ ಮಾತನ್ನು ಗಂಡಸೊಬ್ಬ ಹತ್ತು ಜನರ ಮುಂದೆ ಆಡಿದ್ದನ್ನು ದುಮ್ಮವಾಡ ಕೇಳಿರಲಿಲ್ಲ. ಎಲ್ಲರೂ ನೆಲ ನೋಡಿದರು. ಕೊನೆಗೆ ಮಾಸ್ತರರು ಕೆಮ್ಮಿ, “ತಂಗಿ, ನಿನ್ನಿ ನಾ ಅಂದದ್ದು ತಪ್ಪಾತವಾ” ಎಂದರು. ಹೊಳೆಪ್ಪನಿಗೆ ಕುತೂಹಲ ತಡೆಯಲಾಗಲಿಲ್ಲ. “ಯಕ್ಕಾ, ಜಾಯಿಂಟಿಗೆ ಯಾಕ ಹಂಗ ಕುಣೀತಾವು?” ಎಂದು ಕೇಳಿದ.

“ಹೇಳಿಕಿ ಆ ತುದೀಗೆ ಹೋಗಿ ತಿರಗಿ ಬರತೈತಿ. ಅದರ ಹಿಂದಿಂದ ಬರೂ ಹೇಳಿಕಿಗೆ ಡಿಕ್ಕಿ ಹೊಡೀತೈತಿ. ದೀಪಕ್ಕ ಯಾವದ ಕೇಳಬೇಕಂತ ತಿಳಿಯಂಗಿಲ್ಲ,” ಎಂದು ಸುನಿತಾ ಮುಂದೆ ಬಂದು ವೈರು ಎತ್ತಿ ತೋರಿಸಿದಳು. ಎಲ್ಲರೂ ಅವಳ ಸುತ್ತ ನೆರೆದರು. ಸಂಗಣ್ಣ ಬೋರ್ಡಿನ ಹತ್ತಿರ ಒಬ್ಬನೇ ಉಳಿದ. ಇಷ್ಟೆಲ್ಲ ಮಾಡಿದ ಮೇಲಾದರೂ ಆ ಉರಿ ಹೋಗಿರಬೇಕಿತ್ತಲ್ಲ! ಹೋಗಿರಲಿಲ್ಲ. ಹೊತ್ತಿಗೆ ಸರಿಯಾಗಿ ಬಂದು ಎದೆಯ ಎಡಕ್ಕೆ ಕೂತುಕೊಂಡಿತು.

ಮಾಸ್ತರರು ಕಿಸೆಯಿಂದ ಅರ್ಜಿ ತೆಗೆದು ಅವನ ಮುಂದೆ ಹಿಡಿದರು. “ನನ್ನ ಓದೂ ಚಾಳೀಸು ಮನ್ಯಾಗ ಉಳದೈತಿ. ನೀನ ಬರಿಯಪಾ. ಯಾರ ಹೆಸರ ಬರೀತೀಯೋ ಅದ ಖಾಯಂ.”

 ಸುನಿತಾ ವೈರು ಹಿಡಿದಂತೆಯೇ ನಿಂತಳು. ಸಂಗಣ್ಣ ಬೋರ್ಡಿನ ಅಂಚಿಗೆ ಅರ್ಜಿ ಇಟ್ಟುಕೊಂಡು ಪೆನ್ನು ಬಿಚ್ಚಿದ. ‘ಬೆಳಕು’ ಎಂಬುದರ ಮುಂದೆ ‘ಶ್ರೀಮತಿ ಸುನಿತಾ’ ಎಂದು ಬರೆದ. ಒಂದೊಂದು ಅಕ್ಷರಕ್ಕೂ ಹೊಟ್ಟೆ ಉರಿಯಿತು, ಬಿಡದೆ ಪೂರ್ತಿ ಬರೆದ. ಅದರ ಕೆಳಗೆ ಇನ್ನೊಂದು ಗೆರೆ ಇತ್ತು: ತಂದೆ ಅಥವಾ ಗಂಡನ ಹೆಸರು. ಅವನು ಅದನ್ನು ಎರಡು ಸಲ ಓದಿದ. ಆಮೇಲೆ ಅಲ್ಲಿ ತನ್ನ ಹೆಸರನ್ನು ಮನೆತನದ ಹೆಸರಿನ ಸಮೇತ, ದಪ್ಪ ದಪ್ಪ ಅಕ್ಷರಗಳಲ್ಲಿ, ಒಂದೊಂದನ್ನೂ ಎರಡೆರಡು ಸಲ ತಿದ್ದಿ ಬರೆಯತೊಡಗಿದ.

ಸುನಿತಾ ಬಂದು ಅವನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

“ಸಾಕ ಬಿಡ್ರಿ,” ಎಂದಳು. “ಹಾಳಿ ಹರದೀತು.”